ಹಾಜರಿ ಪುಸ್ತಕದ ಮಹಾನಂದಾ

ನೇಸರಗಿ
12 ಜೂನ್ 2025, ಗುರುವಾರ

ಪ್ರೀತಿಯ ಅಜಿತ,

ನಿನ್ನ ವೈನಿಯ ಆಶೀರ್ವಾದ. ಪೂನಮ್ ಹೇಗಿದ್ದಾಳೆ? ಮಗುವಿನ ಕೆಮ್ಮು ಕಡಿಮೆಯಾಯಿತೇ? ನಿನ್ನ ಬೆನ್ನುನೋವಿನ ಗುಳಿಗೆಗಳನ್ನು ಎರಡು ದಿನ ನುಂಗಿ ಬಿಟ್ಟಿರುತ್ತೀ, ನನಗೆ ಗೊತ್ತು. ಪೂರ್ತಿ ತಗೋ. ಇಲ್ಲಿ ಎಲ್ಲರೂ ಆರಾಮ. ಮಳೆ ಹದವಾಗಿ ಆಗಿದೆ, ನಿಮ್ಮಣ್ಣ ಸೋಯಾಬೀನ್ ಬಿತ್ತಿಸಿದ್ದಾರೆ. ನಾಲ್ಕು ದಿನದಿಂದ ಫೋನ್ ಮಾಡುತ್ತಿದ್ದೇನೆ, ನೀನು ಎತ್ತುತ್ತಿಲ್ಲ. ಇರಲಿ. ಫೋನಿನಲ್ಲಿ ಆಡಿದ ಮಾತಿನ ಕೆಳಗೆ ಸಹಿ ಇರುವುದಿಲ್ಲ, ಅದಕ್ಕೇ ಕಾಗದ ಬರೆಯುತ್ತಿದ್ದೇನೆ.

ನಿಮ್ಮಣ್ಣನ ಕೈ ಹಿಡಿದು ನಾನು ಈ ಮನೆಗೆ ಬಂದಾಗ ನೀನು ಆರು ವರ್ಷದವನು. ನನ್ನ ಟ್ರಂಕಿನಲ್ಲಿ ಸೀರೆಗಳ ಕೆಳಗಿದ್ದ ಫೈಲನ್ನು ಮೊದಲು ಬಿಚ್ಚಿದವನು ನೀನೇ. ಗುಂಡನೆಯ ಮುದ್ರೆ ಮುಟ್ಟಿ ನೋಡಿ ಇವೇನು ಎಂದು ನೀನು ಕೇಳಿದೆ. ಎಂ.ಎ., ಬಿ.ಇಡ್. ಎಂದರೆ ನಿನಗೇನು ತಿಳಿಯಬೇಕು, ಸಾಲಿಯಲ್ಲಿ ಕಲಿಸುವ ಅಕ್ಕಾರ ಆಗುವ ಕಾಗದ ಎಂದು ನಾನು ಹೇಳಿದೆ. “ಮತ್ತ ಸಾಲಿಗಿ ಯಾವಾಗ ಹೋಗತೀರಿ ವೈನಿ?” ಎಂದು ನೀನು ಕೇಳಿದ್ದೆ. ಆಮೇಲೆ ಅತ್ತೆ ಹಾಸಿಗೆ ಹಿಡಿದರು, ಒಂಬತ್ತು ವರ್ಷ. ಮಕ್ಕಳು, ಅವರ ಪರೀಕ್ಷೆ, ನಿನ್ನ ಮದುವೆ. ಯಾರೂ ನನ್ನನ್ನು ಕಟ್ಟಿಹಾಕಲಿಲ್ಲ, ಇಷ್ಟಪಟ್ಟೇ ಮಾಡಿದೆ. ವರ್ಷಕ್ಕೊಮ್ಮೆ ಫೈಲಿಗೆ ಬಿಸಿಲು ತೋರಿಸಿ, ಬೇವಿನ ಎಲೆ ಇಟ್ಟು ಒಳಗಿಡುತ್ತಿದ್ದೆ. ಹನ್ನೊಂದು ವರ್ಷದ ಹಿಂದೆ ನೀನು, ಹುಳ ಹತ್ತುತ್ತವೆ, ಧಾರವಾಡದಲ್ಲಿ ಲ್ಯಾಮಿನೇಷನ್ ಮಾಡಿಸಿ ತರುತ್ತೇನೆ ಎಂದು ಒಯ್ದೆ. ತಂದುಕೊಟ್ಟ ದಿನ ಹಿಗ್ಗಿ ನಿನಗೆ ಕರಿಗಡಬು ಮಾಡಿ ಬಡಿಸಿದೆ. ಈ ಮನೆಯಲ್ಲಿ ನನ್ನ ಕಾಗದಗಳ ಚಿಂತೆ ಇನ್ನೊಬ್ಬರಿಗೂ ಇದೆಯಲ್ಲ ಎಂದುಕೊಂಡೆ.

ಈಗ ಕಿರಿಯವಳು ಭಾಗ್ಯಾ ಕೂಡ ಹಾಸ್ಟೆಲ್ ಸೇರಿದಳು. ನಮ್ಮೂರ ಸರಕಾರಿ ಹೈಸ್ಕೂಲಿಗೆ ಕನ್ನಡಕ್ಕೆ ಅತಿಥಿ ಶಿಕ್ಷಕರು ಬೇಕೆಂದು ತಿಳಿಯಿತು. ಈ ಐವತ್ನಾಲ್ಕರಲ್ಲಿ ಯಾರು ಕರೆಯುತ್ತಾರೆ ಎಂದು ಅಳುಕುತ್ತಲೇ ಹೋದೆ. ಹೆಡ್‌ಮಾಸ್ಟರ್ ಗುರುನಾಥ ಸರ್ ಖುಷಿಯಿಂದ ಫೈಲ್ ತೆಗೆದುಕೊಂಡರು. ಒಂದು ಹಾಳೆಯನ್ನು ಬೆಳಕಿಗೆ ಹಿಡಿದು, ಇವು ಕಲರ್ ಝೆರಾಕ್ಸ್, ಅಸಲು ಎಲ್ಲಿ ಎಂದರು. ಕಂಪ್ಯೂಟರಿನಲ್ಲಿ ನನ್ನ ಆಧಾರ್ ನಂಬರ್ ಹಾಕಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. “ನೀವು ಆಗಲೇ ಅಕ್ಕಾರ ಅದೀರಿ. ರಾಮದುರ್ಗ ಕಡೆ ಒಂದು ಹೈಸ್ಕೂಲಿನ್ಯಾಗ ಹನ್ನೊಂದು ವರ್ಷ ಆತು ಅಂತ ತೋರಸಾಕತ್ತೈತಿ.” ಅದು ನೀನು ಕಟ್ಟಿದ ಹೈಸ್ಕೂಲು, ಅಜಿತ. ಅಲ್ಲಿಯ ರಾಜೀನಾಮೆಯನ್ನೂ ಅಸಲು ಕಾಗದಗಳನ್ನೂ ಶನಿವಾರದೊಳಗೆ ತಂದರೆ ಇಲ್ಲಿ ತೆಗೆದುಕೊಳ್ಳಬಹುದು ಎಂದರು. ಮನೆಗೆ ಬಂದು ನಿಮ್ಮಣ್ಣನನ್ನು ಕೇಳಿದೆ. ಅವರು ತಾಟಿನಿಂದ ತಲೆ ಎತ್ತಲಿಲ್ಲ. “ಸಾಲಿ ಮಾನ್ಯತಾಕ್ಕ ಬಿ.ಇಡ್. ಆದವರ ಹೆಸರು ಬೇಕಾಗಿತ್ತಂತ. ನಿನ್ನವು ಸುಮ್ನ ಬಿದ್ದಿದ್ವಲ್ಲ” ಎಂದರು.

ಸೋಮವಾರ ಬಸ್ಸು ಹತ್ತಿ ನಿನ್ನ ಶಾಲೆಗೇ ಬಂದಿದ್ದೆ. ನೀನು ಬೆಳಗಾವಿಗೆ ಹೋಗಿದ್ದೆ. ಸಿಪಾಯಿ ಮುತ್ತಪ್ಪನಿಗೆ ನಾನು ಯಾರೆಂದು ಹೇಳಲಿಲ್ಲ, ಕನ್ನಡ ಕಲಿಸುವ ಮಹಾನಂದಾ ಟೀಚರನ್ನು ನೋಡಬೇಕಿತ್ತು ಎಂದೆ. ಅವನು ಕುಡಿಯಲು ನೀರು ಕೊಟ್ಟು, “ಅವರನ್ನ ನಾವೂ ನೋಡಿಲ್ರಿ ಎವ್ವಾ. ಪುಸ್ತಕದಾಗಷ್ಟ ಬರತಾರ” ಎಂದ. ಹಾಜರಿ ಪುಸ್ತಕ ಮೇಜಿನ ಮೇಲೆಯೇ ಇತ್ತು. ಅವನು ಗಂಟೆ ಹೊಡೆಯಲು ಹೋದಾಗ ಜನವರಿಯ ಹಾಳೆ ತೆಗೆದೆ. ನಿನ್ನ ಅಪ್ಪ ತೀರಿಕೊಂಡ ದಿನ ನಿನ್ನ ಹೆಸರಿನ ಮುಂದೆ ರಜೆ ಎಂದಿದೆ. ನನ್ನ ಹೆಸರಿನ ಮುಂದೆ ಸಹಿ ಇದೆ. ಮಾವನವರ ಬಾಯಿಗೆ ಕೊನೆಯ ನೀರು ಬಿಟ್ಟವಳು ನಾನು, ನೀನು ನನ್ನ ಪಕ್ಕದಲ್ಲೇ ಕುಳಿತು ಅಳುತ್ತಿದ್ದೆ. ಆ ಹೊತ್ತಿನಲ್ಲಿ ನಾನು ಒಂಬತ್ತನೆಯ ತರಗತಿಗೆ ಕನ್ನಡ ಕಲಿಸುತ್ತಿದ್ದೆನಂತೆ. ನಿನ್ನ ಅಪ್ಪನಿಗಾಗಿ ನೀನು ರಜೆ ಹಾಕಿಕೊಂಡೆ, ನನಗೆ ಅದನ್ನೂ ಕೊಡಲಿಲ್ಲ. ಬರಹ ಯಾರದೆಂದು ಯಾರನ್ನೂ ಕೇಳಬೇಕಾಗಲಿಲ್ಲ. ಪಾಟಿಯ ಮೇಲೆ ನಿನ್ನ ಕೈ ಹಿಡಿದು ತಿದ್ದಿಸಿದವಳು ನಾನೇ.

ನಿನ್ನೆ ನಿಮ್ಮಣ್ಣನ ಕೈಯಲ್ಲಿ ನೀನು ಕಳಿಸಿದ ಕವರು ಬಂತು. ರಾಜೀನಾಮೆ ಟೈಪು ಮಾಡಿಸಿ, ಚೀಟಿಯೊಂದರಲ್ಲಿ ಸಹಿಯ ಮಾದರಿ ಇಟ್ಟಿರುವೆ. ಪುಸ್ತಕದಲ್ಲಿರುವ ಹಾಗೆಯೇ ಹಾಕಬೇಕು, ನಾಲ್ಕು ಸಲ ರೂಢಿ ಮಾಡಿಕೊಳ್ಳಿ, ಅಸಲು ಕಾಗದಗಳನ್ನು ಆಮೇಲೆ ಕೊಡುತ್ತೇನೆ ಎಂದು ಬರೆದಿರುವೆ. ನಿಜ ಹೇಳುತ್ತೇನೆ, ನೌಕರಿಯ ಆಸೆಗೆ ಪೆನ್ನು ತೆಗೆದೆ. ನನ್ನ ಹೆಸರನ್ನು ನಿನ್ನ ಕೈಬರಹದಲ್ಲಿ ಎರಡು ಸಲ ಬರೆದೂ ನೋಡಿದೆ. ಮೂರನೆಯ ಸಲ ಬರೆಯದೆ ಪೆನ್ನು ಕೆಳಗಿಟ್ಟೆ. ನೀನು ಕೇಳಿದ್ದರೆ ನಾನೇ ಬಂದು ಕಲಿಸುತ್ತಿದ್ದೆನಲ್ಲೋ. ಹನ್ನೊಂದು ವರ್ಷದಲ್ಲಿ ಒಮ್ಮೆಯೂ ಕೇಳಲಿಲ್ಲ. ನಿನಗೆ ನನ್ನ ಹೆಸರು ಸಾಕಾಯಿತು, ನಾನು ಬೇಡವಾದೆ. ಅಣ್ಣತಮ್ಮಂದಿರಿಬ್ಬರೂ ಸೇರಿ ನನಗೆ ಮೋಸ ಮಾಡಿದಿರಿ. ಇದಕ್ಕಿಂತ ಮೆತ್ತಗಿನ ಮಾತು ಹುಡುಕಿದೆ, ಸಿಗಲಿಲ್ಲ.

ಪೂನಮ್‌ಗೆ ಇದೇನೂ ಗೊತ್ತಿಲ್ಲವೆಂದು ನಂಬಿದ್ದೇನೆ, ಅವಳ ಮೇಲೆ ರೇಗಬೇಡ. ಮಗುವಿಗೆ ಮುದ್ದು. ನಿನಗೆ ಒಳ್ಳೆಯದಾಗಲಿ ಎಂದು ಬರೆಯಲು ಕೈ ತಡೆಯಿತು, ಆದರೂ ಬರೆದಿದ್ದೇನೆ.

ನಿನ್ನ ವೈನಿ,
ಮಹಾನಂದಾ

ತಾ.ಕ.: ಪೋಸ್ಟಾಫೀಸಿನಲ್ಲಿ ನಿಂತೇ ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ. ರಾಜೀನಾಮೆಯನ್ನು ಸಹಿ ಇಲ್ಲದೆ ಇದರ ಜೊತೆ ಹಿಂದಕ್ಕೆ ಕಳಿಸಿದ್ದೇನೆ. ಒಂದು ದಿನವೂ ಹೋಗದ ಕೆಲಸವನ್ನು ಹೇಗೆ ಬಿಡಲಿ? ಸಹಿಯ ಮಾದರಿ ಮಾತ್ರ ಇದರಲ್ಲಿಲ್ಲ. ಅದರ ಕೆಳಗೆ ನನ್ನ ನಿಜವಾದ ಸಹಿ ಹಾಕಿ, ಎಲ್ಲವನ್ನೂ ವಿವರವಾಗಿ ಬರೆದು ಶಿಕ್ಷಣ ಇಲಾಖೆಯ ಬಿ.ಇ.ಓ. ಸಾಹೇಬರಿಗೆ ಈಗಷ್ಟೇ ರಿಜಿಸ್ಟರ್ ಪೋಸ್ಟ್ ಮಾಡಿದೆ. ಶನಿವಾರದ ನೌಕರಿ ಹೋಯಿತು, ಗೊತ್ತಿದೆ. ಅಸಲು ಕಾಗದಗಳನ್ನು ಸಾಹೇಬರ ಎದುರಿಗೇ ನನ್ನ ಕೈಗೆ ಕೊಡು. ಅಲ್ಲಿಯವರೆಗೆ, ಇವತ್ತಿನ ತಾರೀಖಿನಿಂದ, ನನ್ನ ಹೆಸರಿನ ಮುಂದೆ ಗೈರುಹಾಜರು ಎಂದು ಬರೆ.