ನಾನೂರು ಮೀನಿನ ಹರಕೆ

ಏಪ್ರಿಲ್ 19, ಶುಕ್ರವಾರ. ಬೆಳಿಗ್ಗೆ 7

ಉಪವಾಸ. ಬ್ರೆಡ್ಡಿನ ಎರಡು ತುಂಡು, ನೀರು. ಕಾಫಿ ಇಲ್ಲ — ಕಷ್ಟ ಅದೊಂದೇ. ಐದಕ್ಕೆ ಎದ್ದೆ. ಒಲೆ ಒರೆಸಿದೆ, ಫ್ರಾಸ್ಕೀತಾ ಅತ್ತೆಗೆ ಮೊಟ್ಟೆ ಬೇಯಿಸಿಟ್ಟೆ, ಕುಂಡಗಳಿಗೆ ನೀರು ಹಾಕಿದೆ, ಕಾರ್ಮೆಲ್ ಮಾತೆ ಮರಿಯಾಳ ಪಟದ ಮುಂದೆ ದೀಪ ಹಚ್ಚಿದೆ. ಪೂರ್ವದ ಗಾಳಿಗೆ ಇದು ನಾಲ್ಕನೇ ದಿನ. ಹಾಸಿಗೆಯೊಳಗೂ ಮರಳು. ಬಟ್ಟೆ ಹೊರಗೆ ಹಾಕಿದರೆ ಅಮೆರಿಕಾ ಮುಟ್ಟುತ್ತದೆ.

ಕಡಲ ತಳಕ್ಕೆ ಕಟ್ಟಿದ, ಕೋಣೆ ಕೋಣೆಯ ದೊಡ್ಡ ಬಲೆ ಮಾರ್ಚಿನಿಂದ ನೀರಿನಲ್ಲಿದೆ. ಟ್ಯೂನ ಮೀನು ಇನ್ನೂ ಬಂದಿಲ್ಲ. ಉಪ್ಪಿನ ಮನೆ ತೊಳೆದಿಟ್ಟು ಹನ್ನೊಂದು ಹೆಂಗಸರು ಸುಮ್ಮನೆ ಕೂತಿದ್ದೇವೆ. ಸುಮ್ಮನೆ ಅಂದರೆ ಬಾಯಿ ಬಿಟ್ಟು ಉಳಿದದ್ದೆಲ್ಲ ಸುಮ್ಮನೆ.

ಈ ಪುಸ್ತಕದಲ್ಲಿ ಕಿತ್ತಳೆ ವಾಸನೆ. ಅತ್ತೆ — ಅಪ್ಪನ ತಂಗಿ, ಎಂಬತ್ತೊಂದು ವರ್ಷ — ದಿನವಿಡೀ ಕಿತ್ತಳೆ ಸುಲಿಯುತ್ತಾಳೆ. ಇನ್ನು ಮುಂದೆ ಇದನ್ನು ಹಿಟ್ಟಿನ ಡಬ್ಬದ ಹಿಂದೆ ಇಡಬೇಕು.

ಏಪ್ರಿಲ್ 30, ಮಂಗಳವಾರ

ಬಂದವು.

ಮೊದಲು ದಡದಿಂದ ತಿಮಿಂಗಿಲಗಳು ಕಂಡವು, ಕಪ್ಪು ಬಿಳಿಯವು. ಅವು ಬಂದರೆ ಮುಂದೆ ಟ್ಯೂನ ಓಡಿಬರುತ್ತಿದೆ ಎಂದೇ ಅರ್ಥ. ಮಧ್ಯಾಹ್ನಕ್ಕೆ ಬಲೆ ಎತ್ತಿದರು. ಅರವತ್ತು ಮೀನು, ಒಂದೊಂದೂ ಕರುವಿನಷ್ಟು ದಪ್ಪ. ಉಪ್ಪಿನ ಮನೆಗೆ ಮೊದಲ ಟ್ರಾಲಿ ಬಂದಾಗ ಎಲ್ಲರೂ ಎದ್ದು ನಿಂತೆವು, ಮದುಮಗಳು ಬಂದ ಹಾಗೆ. ಕೆಂಪು ತುಂಡುಗಳಿಗೆ ಉಪ್ಪು ಹೊದಿಸಿ ಹೊದಿಸಿ ಬೆರಳ ಚರ್ಮ ಸುಲಿದಿದೆ. ಎಷ್ಟು ಚೆಂದದ ಉರಿ.

ಕತ್ತರಿಸುವ ಮೇಜಿನ ಲಿಯಾಂದ್ರೊ ಮಾವ ಹತ್ತು ಮೀನು ಮುಗಿಸುವಷ್ಟರಲ್ಲಿ ಮೂರು ಸಲ ಭುಜ ಹಿಡಿದು ನಿಂತರು. ಯಾರೂ ನೋಡಲಿಲ್ಲ ಅಂದುಕೊಂಡಿದ್ದಾರೆ. ಎಲ್ಲರೂ ನೋಡಿದೆವು.

ಮೇ 3, ಶುಕ್ರವಾರ. ಮಧ್ಯಾಹ್ನ

ಉಪವಾಸ. ಬ್ರೆಡ್ಡು ಒಣಗಿತ್ತು, ನೀರಿನಲ್ಲಿ ಅದ್ದಿ ತಿಂದೆ.

ಕ್ರಿಸ್ಪೀನ್ ಉಪ್ಪಿನ ಮನೆಗೇ ಬಂದ. ಶಾಲೆಯಲ್ಲಿ ಹಿಂದಿನ ಬೆಂಚಿನಿಂದ ನನ್ನ ಜಡೆ ಎಳೆಯುತ್ತಿದ್ದವನು, ಈಗ ಇಡೀ ಬಲೆಗೆ ಕಪ್ತಾನ.

"ಪುರಾ, ಕೈ ತೊಳ್ಕೊ. ಮಾತಾಡ್ಬೇಕು."

"ಮಾತಿಗೆ ಉಪ್ಪು ಅಡ್ಡ ಬರಲ್ಲ. ಹೇಳು."

"ಲಿಯಾಂದ್ರೊಗೆ ಭುಜದ ಆಪರೇಷನ್, ಜೂನ್ ಒಂದಕ್ಕೆ. ಆಮೇಲೆ ಅವರು ಕತ್ತಿ ಹಿಡಿಯಲ್ಲ. ಮೇಜು ಖಾಲಿ."

"ಯಾರನ್ನಾದ್ರೂ ಹುಡುಕು."

"ಹುಡುಕಿದೀನಿ. ಮೊಣಕೈವರೆಗೆ ಉಪ್ಪು ಮೆತ್ಕೊಂಡು ನನ್ನ ಮುಂದೇನೇ ನಿಂತಿದೆ."

ನಕ್ಕೆ. ಅವನು ನಗಲಿಲ್ಲ.

ಅದು ಅಪ್ಪನ ಮೇಜು. ಅಲ್ಲಿ ಗಂಡಸರು, ಇಲ್ಲಿ ಉಪ್ಪಿನ ಹತ್ತಿರ ನಾವು — ನಾನು ಹುಟ್ಟುವ ಮುಂಚಿನಿಂದಲೂ ಹಾಗೆ. ಆದರೆ ಮೀನು ಬಾರದ ವರ್ಷಗಳಲ್ಲಿ ಕತ್ತಿಯವರೆಲ್ಲ ಚದುರಿಹೋದರು. ಒಬ್ಬ ಬಸ್ ಓಡಿಸುತ್ತಾನೆ, ಇಬ್ಬರು ಹೋಟೆಲಿನಲ್ಲಿ ಈರುಳ್ಳಿ ಹೆಚ್ಚುತ್ತಾರೆ. ಈಗ ಮೀನು ಬಂದಿದೆ, ಕೈಗಳಿಲ್ಲ.

"ಇನ್ನೂರು ಕಿಲೋ ಮೀನು ಕತ್ತರಿಸೋದು ನನ್ನಿಂದ ಆಗಲ್ಲ ಕ್ರಿಸ್ಪೀನ್."

"ಸುಳ್ಳು. ಹೋದ ವರ್ಷ ಲಿಯಾಂದ್ರೊ ಅರ್ಧಕ್ಕೇ ಬಿಟ್ಟ ಮೀನನ್ನ ಬಾಗಿಲು ಹಾಕ್ಕೊಂಡು ಮುಗಿಸಿದ್ದು ಯಾರು? ಗೊರಕೆ ಹೊರಗೆ ಕೇಳ್ತಿತ್ತು."

ಕತ್ತಿಯ ತುದಿ ಬೆನ್ನುಮೂಳೆಯ ಮೇಲೆ ಸರಿಯಾಗಿ ಓಡಿದರೆ ಮನುಷ್ಯ ಗೊರಕೆ ಹೊಡೆದಂತೆ ಸದ್ದು. ಸದ್ದು ತುಂಡಾದರೆ ಮಾಂಸ ಹಾಳಾಯಿತು ಎಂದು ಅರ್ಥ. ಚಿಕ್ಕವಳಿದ್ದಾಗ ಅಪ್ಪನಿಗೆ ದೀಪ ಹಿಡಿದು ನಿಂತು ಆ ಗೊರಕೆ ಕೇಳಿ ಕೇಳಿ ಕಲಿತದ್ದು.

"ನೋಡೋಣ" ಅಂದೆ.

ಅದೇ ದಿನ, ಸಂಜೆ

ಇದನ್ನು ಯಾರಿಗೂ ಹೇಳಿಲ್ಲ. ಇಲ್ಲಿ ಬರೆದರೆ ಎದೆ ಹಗುರವಾಗಬಹುದು.

ಹದಿನೈದು ವರ್ಷದ ಹಿಂದೆ, ಅಪ್ಪನ ಕೊನೆಯ ವರ್ಷ. ಬಲೆ ಎತ್ತಿದರೆ ಒಂಬತ್ತು ಮೀನು. ಅವೂ ಸಣ್ಣವು, ಕಡಲಿಗೇ ವಾಪಸ್ ಬಿಟ್ಟರು. ಅಪ್ಪ ಒಣ ಮೇಜನ್ನೇ ತೊಳೆದು, ಕತ್ತಿಗೆ ಎಣ್ಣೆ ಹಚ್ಚಿ, ಬಟ್ಟೆ ಸುತ್ತಿಟ್ಟರು. ಅವತ್ತು ಇಗರ್ಜಿಗೆ ಹೋಗಿ ಹರಕೆ ಹೊತ್ತೆ. ಚಿಕ್ಕವಳಿದ್ದಾಗ, ನನ್ನ ಮೊದಲ ಪರಮಪ್ರಸಾದದ ದಿನ ಒಂದೇ ಸಲಕ್ಕೆ ನಾನೂರು ಮೀನು ಬಂದಿತ್ತು. ತಾಯಿ, ಮತ್ತೆ ಹಾಗೆ ಒಂದೇ ಸಲಕ್ಕೆ ನಾನೂರು ಬರುವ ತನಕ ಶುಕ್ರವಾರ ಬರೀ ಬ್ರೆಡ್ಡು ನೀರು. ಟ್ಯೂನ ನಾಲಿಗೆಗೆ ಮುಟ್ಟಿಸುವುದಿಲ್ಲ. ಅಂದಿನಿಂದ ಮುಟ್ಟಿಸಿಲ್ಲ. ನನಗದು ಹೊಟ್ಟೆಗೆ ಆಗುವುದಿಲ್ಲ ಎಂದು ಊರು ನಂಬಿದೆ.

ಕತ್ತಿಯವರ ಪದ್ಧತಿ ಬೇರೆ. ಪ್ರತಿ ಮೀನಿನ ಬಾಲದ ಹತ್ತಿರ ಹಸಿಯಾಗಿ ಒಂದು ಸಣ್ಣ ಚೂರು ಕೆರೆದು ಬಾಯಿಗಿಡಬೇಕು. ಕೊಬ್ಬು ಕಮ್ಮಿಯಿದ್ದರೆ ಉಪ್ಪಿಗೆ, ಹೆಚ್ಚಿದ್ದರೆ ಹಸಿಯಾಗಿ ಮಾರಲು ಐಸಿಗೆ — ನಾಲಿಗೆಯೇ ಹೇಳಬೇಕು. ರುಚಿ ನೋಡದವಳು ಆ ಮೇಜಿಗೆ ನಿಲ್ಲುವಂತಿಲ್ಲ. ನೋಡಿ ಉಗಿದರೂ ಆಗುತ್ತದೆ, ಹಾಗಾಗಿ ಹೊಟ್ಟೆಯ ನೆಪ ಅಲ್ಲಿ ನಡೆಯದು.

ಮೀನು ಬರುತ್ತಿದೆ ನಿಜ. ಈಗ ಕೋಟಾ ಇದೆ. ಒಂದು ಸಲಕ್ಕೆ ನೂರು ಎತ್ತಿದರೆ ಹೆಚ್ಚು. ಮೀನು ಎಷ್ಟೇ ಇರಲಿ, ನಾನೂರು ಎತ್ತಲು ಸರ್ಕಾರ ಬಿಡುವುದೇ ಇಲ್ಲ. ಹರಕೆ ಹೊತ್ತಾಗ ಇದು ನನಗೂ ಮಾತೆಗೂ ಗೊತ್ತಿರಲಿಲ್ಲ.

ಮಾತೆಗೆ ಗೊತ್ತಿತ್ತೇನೋ. ಕ್ಷಮಿಸು ತಾಯಿ.

ಮೇ 5, ಭಾನುವಾರ

ಪೂಜೆ ಮುಗಿದ ಮೇಲೆ ಫಾದರ್ ಎಲಾದಿಯೊ ಅವರನ್ನು ಬಾಗಿಲಲ್ಲೇ ನಿಲ್ಲಿಸಿ ಎಲ್ಲ ಹೇಳಿದೆ.

"ಅಷ್ಟೇನಾ? ಒಂದು ಮಾತಲ್ಲಿ ಬಿಡಿಸ್ತೀನಿ. ಬಡವರಿಗೆ ಒಂದಿಷ್ಟು ಬ್ರೆಡ್ ಹಂಚು, ಹರಕೆ ತೀರ್ತು."

"ಬೇಡ ಫಾದರ್."

"ಯಾಕಮ್ಮ? ನನಗೆ ಅಧಿಕಾರ ಇದೆ."

"ಇರ್ಬೋದು. ನಾನು ಮಾತು ಕೊಟ್ಟಿದ್ದು ನಿಮಗಲ್ಲ."

"ಆ ತಾಯಿ ನಿನ್ನಷ್ಟು ಹಟಮಾರಿ ಅಲ್ಲ ಪುರಾ."

"ಅದನ್ನ ಆ ತಾಯಿ ಬಾಯಿಂದಾನೇ ಕೇಳ್ಬೇಕು."

ಫಾದರ್ ನಗುತ್ತ ಒಳಗೆ ಹೋದರು. ಬ್ರೆಡ್ಡಂತೂ ಹಂಚಿದೆ. ಅದರಿಂದ ನಷ್ಟವೇನಿಲ್ಲ.

ಮೇ 14, ಮಂಗಳವಾರ

ಎಂಟು ದಿನ ಗಾಳಿ. ದೋಣಿ ಹೊರಡಲಿಲ್ಲ, ನಾನೂ ಬರೆಯಲಿಲ್ಲ. ಇವತ್ತು ಕಡಲು ಮಲಗಿದೆ. ತೊಂಬತ್ತೆರಡು ಮೀನು.

"ಬಾ ಮಗಳೇ" ಅಂದರು ಲಿಯಾಂದ್ರೊ ಮಾವ, ಎಲ್ಲರ ಎದುರಿಗೇ. "ಇದೊಂದು ನಿನ್ನದು. ಅವಸರ ಮಾಡ್ಬೇಡ, ಅದೆಲ್ಲೂ ಹೋಗೋದಿಲ್ಲ."

ಉಪ್ಪಿನವರೆಲ್ಲ ಕೆಲಸ ಬಿಟ್ಟು ಬಂದು ನಿಂತರು. ಅಪ್ಪನ ಕತ್ತಿಯ ಹಿಡಿ ನನ್ನ ಅಂಗೈಗೆ ದೊಡ್ಡದು. ಜಪಸರ ಜೇಬಿನಲ್ಲಿತ್ತು. ಕಿವಿರಿನ ಹಿಂದೆ ಇಳಿಸಿದೆ. ತಲೆ ಬೇರೆಯಾಯಿತು. ಮಧ್ಯದ ಗೆರೆ ಹಿಡಿದು ಮೂಳೆ ಮುಟ್ಟಿಸಿ ಎಳೆದೆ… ಗೊರಕೆ. ಉದ್ದ, ತುಂಡಾಗದ ಗೊರಕೆ. ನಾಲ್ಕು ದೊಡ್ಡ ತುಂಡುಗಳು ಪುಸ್ತಕದ ಹಾಳೆಯ ಹಾಗೆ ಬಿಚ್ಚಿಕೊಂಡವು. ಯಾರೋ ಹಿಂದಿನಿಂದ, "ಇವಳಪ್ಪ ಎದ್ದು ಬಂದ ನೋಡ್ರೇ" ಅಂದರು. ಏಪ್ರನ್ನಿನ ತುದಿಯಿಂದ ಮುಖ ಒರೆಸಿಕೊಂಡೆ. ರಕ್ತ ಮೆತ್ತಿತು.

ಆಮೇಲೆ ಮಾವ ಬಾಲದ ಹತ್ತಿರ ಒಂದು ಚೂರು ಕೆರೆದು ಕತ್ತಿಯ ತುದಿಯಲ್ಲೇ ಚಾಚಿದರು.

"ಹೇಳು. ಉಪ್ಪಿಗೋ, ಐಸಿಗೋ?"

"ಹಲ್ಲು ನೋವು ಮಾವ."

"ನಾಲಿಗೇಲಿ ಹಲ್ಲು ಬಂದಿದ್ಯಾ ನಿಂಗೆ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಮಾವ ಚೂರನ್ನು ತಾವೇ ಬಾಯಿಗೆ ಹಾಕಿಕೊಂಡು, "ಐಸಿಗೆ" ಅಂದರು, ನನ್ನ ಮುಖ ನೋಡುತ್ತಲೇ. ಸುಳ್ಳು ಹೇಳಿದ್ದಕ್ಕೆ ಹತ್ತು 'ನಮೋ ಮರಿಯಾ' ಹೇಳಿಕೊಂಡೆ.

ಮೇ 21, ಮಂಗಳವಾರ

ಕ್ರಿಸ್ಪೀನ್ ಗಡುವು ಕೊಟ್ಟ.

"ಶನಿವಾರ ಬೆಳಿಗ್ಗೆ ಹತ್ತು ಗಂಟೆ. ಬರೆದು ಕೊಡು. ಬಾಯಲ್ಲಾದ್ರೆ ನೀನು 'ನೋಡೋಣ' ಅಂತಾನೇ ವರ್ಷಗಟ್ಟಲೆ ತಳ್ತೀಯ."

"ಬೇಡ ಅಂದ್ರೆ?"

"ಮೀನನ್ನೆಲ್ಲ ಇಡಿಯಾಗಿ ಐಸ್ ಹಾಕಿ ಬೇರೆ ಬಂದರಿಗೆ ಕಳಿಸ್ಬೇಕು. ಅಲ್ಲಿ ಗರಗಸದ ಯಂತ್ರ ಇದೆ. ಗೊರಕೆ ಗಿರಕೆ ಏನಿಲ್ಲ, ಜರ್ ಅಂತ ಒಂದೇ ಏಟು."

ಮೇಜು ಮುಚ್ಚಿದರೆ ಉಪ್ಪಿನ ಮನೆಗೂ ತುಂಡು ಬರುವುದಿಲ್ಲ. ಹನ್ನೊಂದು ಹೆಂಗಸರು. ಅವರಿಗಾಗಿ ಹರಕೆ ಮುರಿಯಲೇ? ಮುರಿದವಳ ಕೈ ಆ ಕತ್ತಿ ಹಿಡಿದೀತೇ? ಬೇಡ ಎಂದೇ ಬರೆಯಬೇಕಾಗುತ್ತದೆ.

ಇನ್ನೊಂದು. ಪುಸ್ತಕದೊಳಗೆ ಕಿತ್ತಳೆ ಬೀಜ, ಸರಿಯಾಗಿ ಮೇ ಮೂರರ ಪುಟದಲ್ಲಿ.

"ಅತ್ತೆ, ನನ್ನ ಪುಸ್ತಕ ಮುಟ್ಟಿದ್ಯಾ?"

"ಕನ್ನಡಕ ಇಲ್ದೆ ನಂಗೆ ಬಾಗಿಲೇ ಕಾಣಲ್ಲ, ಪುಸ್ತಕವಂತೆ."

ಕನ್ನಡಕ ಮೂಗಿನ ಮೇಲೇ ಇತ್ತು. ಆಮೇಲೆ ಶಾಲು ಹೊದ್ದು ಬಂದರಿನ ಕಡೆ ಹೊರಟಳು. ಚಳಿಗಾಲದಿಂದ ಮನೆ ಬಿಟ್ಟು ಆಚೆ ಹೋಗದವಳು.

ಮೇ 24, ಶುಕ್ರವಾರ. ಸಂಜೆ 5

ಉಪವಾಸ. ಬೆಳಿಗ್ಗೆ ಆರಕ್ಕೆ ಬಾಗಿಲಲ್ಲಿ ಹಾರ್ನ್. ಕ್ರಿಸ್ಪೀನ್.

"ಏಪ್ರನ್ ಬೇಡ. ಜಾಕೆಟ್ ಹಾಕ್ಕೊಂಡು ಹತ್ತು."

"ಎಲ್ಲಿಗೆ?"

"ಕಡಲಿಗೆ. ಹೆಂಗಸರು ದೋಣಿ ಹತ್ತಿದ್ರೆ ಮೀನು ಓಡಿಹೋಗುತ್ತೆ ಅಂತ ನನ್ನಜ್ಜ ಹೇಳ್ತಿದ್ದ. ಇವತ್ತು ನೋಡೇಬಿಡೋಣ."

ಐವತ್ತು ವರ್ಷ ಈ ಮೀನಿನಲ್ಲೇ ಬದುಕಿದೆ. ಬಲೆಯನ್ನು ಮೇಲಿನಿಂದ ಇವತ್ತೇ ನೋಡಿದ್ದು. ನಾಲ್ಕು ದೋಣಿ ಚೌಕವಾಗಿ ನಿಂತವು. ಗಂಡಸರು ಸಾಲಾಗಿ ಬಗ್ಗಿ ಬಲೆಯ ಕೊನೆಯ ಕೋಣೆಯನ್ನು ಎಳೆಯುತ್ತ ಬಂದರು. ನೀರು ಮೊದಲು ಕಡುನೀಲಿ. ಆಮೇಲೆ ಹಸಿರು. ಆಮೇಲೆ ಒಳಗಿನಿಂದ ಏನೋ ಬೆಳ್ಳಗೆ ತಿರುಗಿತು, ಒಂದು, ಹತ್ತು… ಮತ್ತೆ ನೀರೇ ಇಲ್ಲ, ಬರೀ ಬೆನ್ನುಗಳು. ಸುತ್ತ ಸುತ್ತ ಸುತ್ತ. ಅವು ಎಬ್ಬಿಸಿದ ನೀರು ಬಿದ್ದು ಅಡಿಯಿಂದ ಮುಡಿಯವರೆಗೆ ಒದ್ದೆಯಾದೆ.

ಮೀನುಗಾರಿಕೆ ಇಲಾಖೆಯ ಹುಡುಗಿಯೊಬ್ಬಳು ನೀರಿನೊಳಗೆ ಕ್ಯಾಮೆರಾ ಇಳಿಸಿ ಪರದೆ ನೋಡಿ ಎಣಿಸುತ್ತಿದ್ದಳು. ಅವಳ ಪಕ್ಕ ಹೋಗಿ ನಿಂತೆ.

"ಎಷ್ಟಮ್ಮ?"

"ನಾನೂರ ಹದಿನೇಳು."

"ಇನ್ನೊಂದ್ಸಲ ಎಣಿಸು ತಾಯಿ."

ಎಣಿಸಿದಳು, ಪಾಪ. "ನಾನೂರ ಮೂವತ್ತೊಂದು, ಆಂಟಿ. ಹೆಚ್ಚಾಯ್ತು. ಮೂರನೇ ಸಲ ಕೇಳ್ಬೇಡಿ."

ತೊಂಬತ್ತು ಮೀನು ಎತ್ತಿಕೊಂಡರು. ಕ್ರಿಸ್ಪೀನ್ ಕೈ ಎತ್ತಿದ, ಬಲೆಯ ಒಂದು ಬದಿ ತಗ್ಗಿಸಿದರು. ಉಳಿದವು ಅರೆಗಳಿಗೆ ದಾರಿ ಕಾಣದೆ ಸುತ್ತಿದವು. ಆಮೇಲೆ ಒಂದು ತಿರುಗಿತು. ಅದರ ಹಿಂದೆ ಎಲ್ಲವೂ, ಜಲಸಂಧಿಯ ಕಡೆಗೆ, ಕತ್ತಿ ಎಳೆದಂತೆ ನೆಟ್ಟಗೆ. ನೀರು ಮತ್ತೆ ನೀಲಿಯಾಯಿತು.

ಆಗ ತಿಳಿಯಿತು. ನಾನು ಕೇಳಿದ್ದು ಬರಲಿ ಎಂದು. ಬಂದವು. ದೋಣಿಯ ಮೇಲೆ ಬಂದು ಸಾಯಲಿ ಎಂದು ಕೇಳಿರಲಿಲ್ಲ. ಹದಿನೈದು ವರ್ಷ ನಾನು ಎಣಿಸಲು ನಿಂತ ಜಾಗವೇ ತಪ್ಪು. ಒದ್ದೆ ಹಲಗೆಯ ಮೇಲೆಯೇ ಮೊಣಕಾಲೂರಿದೆ. ಗಂಡಸರು ಟೋಪಿ ತೆಗೆದರು.

"ನನ್ನ ಹರಕೆ ವಿಷ್ಯ ನಿಂಗ್ಯಾರು ಹೇಳಿದ್ದು ಕ್ರಿಸ್ಪೀನ್?"

"ನಿಮ್ಮತ್ತೆ. ಪುಟದ ನಂಬರ್ ಸಮೇತ."

ಸಿಟ್ಟು ಮಾಡಬೇಕೆಂದುಕೊಂಡೆ. ದಡ ಮುಟ್ಟುವವರೆಗೂ ನಗು ನಿಲ್ಲಲಿಲ್ಲ.

ದಡದಲ್ಲಿ ಲಿಯಾಂದ್ರೊ ಮಾವ ಕತ್ತಿಯ ತುದಿಯಲ್ಲಿ ಚೂರು ಹಿಡಿದು ಕಾಯುತ್ತಿದ್ದರು. ಅವರಿಗೂ ಗೊತ್ತು. ಊರಿಗೆಲ್ಲ ಗೊತ್ತು.

"ಇವತ್ತು ಶುಕ್ರವಾರ ಮಾವ. ಕೊನೇ ಉಪವಾಸಾನ ಸರಿಯಾಗಿ ಮುಗಿಸ್ತೀನಿ."

"ನಿನ್ನಂಥೋಳನ್ನ ಕಾಯೋಕೆ ಆ ಮಾತೆಯೇ ಸರಿ" ಎಂದು ಗೊಣಗುತ್ತ ಚೂರನ್ನು ಐಸಿನಲ್ಲಿಟ್ಟರು.

ಮೇ 25, ಶನಿವಾರ. ಬೆಳಿಗ್ಗೆ 8

ಆರಕ್ಕೇ ಕತ್ತರಿಸುವ ಶೆಡ್ಡಿಗೆ ಹೋಗಿ ಬಂದೆ. ಮಾವ ನನಗಿಂತ ಮುಂಚೆ ಬಂದು, ಐಸಿನಿಂದ ನಿನ್ನೆಯ ಚೂರು ತೆಗೆದು ಹಿಡಿದಿದ್ದರು. ಶಿಲುಬೆಯ ಗುರುತು ಹಾಕಿಕೊಂಡು ಬಾಯಿ ತೆರೆದೆ. ತಣ್ಣಗಿತ್ತು. ಆಮೇಲೆ ಮೆಲ್ಲಗೆ ಬಿಚ್ಚಿಕೊಂಡಿತು, ಬೆಣ್ಣೆಯ ಜಿಡ್ಡಿಲ್ಲದೆ, ಕೊನೆಯಲ್ಲಿ ಕಬ್ಬಿಣದ ಸಣ್ಣ ರುಚಿ. ಮರೆತೇ ಇರಲಿಲ್ಲ ನಾಲಿಗೆ.

"ಉಪ್ಪಿಗೆ" ಅಂದೆ. "ಐಸಿಗೆ ಹಾಕಿದ್ರೆ ದಂಡ. ಇದರಲ್ಲಿ ಕೊಬ್ಬು ಕಮ್ಮಿ."

ಮಾವ ಇನ್ನೊಂದು ಚೂರು ತಿಂದು ನೋಡಿ, ತಲೆಯಾಡಿಸಿ, ಗೋಡೆಯ ಕಡೆ ತಿರುಗಿ ನಿಂತರು. ನಾನು ಅಳಲಿಲ್ಲ. ಅವರು ಅತ್ತರು.

ಮನೆಗೆ ಬಂದು ಕಾಫಿ ಕುಡಿದೆ. ಉತ್ತರ ಬರೆದೆ. ಎರಡೇ ಸಾಲು. ನಾನೇ ಕೊಟ್ಟರೆ ಕ್ರಿಸ್ಪೀನನ ಮುಖ ನೋಡಬೇಕು, ಅವನು ಜಡೆಯ ಮಾತು ತೆಗೆಯುತ್ತಾನೆ. ನನಗೆ ಕತ್ತಿ ಮಸೆಯುವ ಕೆಲಸವಿದೆ.

ಇವತ್ತು ಪುಸ್ತಕ ಬಚ್ಚಿಡುವುದಿಲ್ಲ. ಅಡುಗೆಮನೆಯ ಮೇಜಿನ ಮೇಲೆ ತೆರೆದೇ ಇಟ್ಟು ಹೋಗುತ್ತೇನೆ.

ಫ್ರಾಸ್ಕೀತಾ ಅತ್ತೆ, ನಾನು ಹೊಸಿಲು ದಾಟಿದ ಕೂಡಲೇ ನೀನು ಈ ಪುಟಕ್ಕೆ ಬರುತ್ತೀಯ. ನನ್ನ ಉತ್ತರ ಮಾತೆಯ ದೀಪದ ಕೆಳಗಿದೆ. ತೆಗೆದುಕೊಂಡು ಹೋಗಿ ಹತ್ತರೊಳಗೆ ಕ್ರಿಸ್ಪೀನನ ಕೈಗೆ ಕೊಡು. ಒಡೆದು ಓದಬೇಡ. ಓದಿದರೆ ಸರಿಯಾಗಿ ಅಂಟಿಸು. ಮುಟ್ಟುವ ಮುಂಚೆ ಕೈ ತೊಳೆದುಕೋ, ಆಫೀಸಿನ ಕಾಗದವೆಲ್ಲ ಕಿತ್ತಳೆ ವಾಸನೆ ಹೊಡೆದೀತು.