ನಮ್ಮ ವ್ಯಾನಿಗೆ ಹಳದಿ ಬಾಗಿಲು

ಮನೆಯಿಂದ, ಹೊಲಿಗೆ ಮೆಷಿನ್ನಿನ ಮುಂದೆ ಕೂತು
ಮಾರ್ಚ್ ೧೨, ಮಂಗಳವಾರ

ಪ್ರೀತಿಯ ನಮ್ಮನೆಯವರಿಗೆ,

ಹೇಗಿದ್ದೀರಿ? ಕಾಲಿನ ಊತ ಇಳಿಯಿತೇ? ನಿದ್ದೆ ಬರುತ್ತಿದೆಯೋ, ಇಲ್ಲ ಪಕ್ಕದ ಮಂಚದವರ ಗೊರಕೆ ಕೇಳುತ್ತಾ ಸೂರು ನೋಡುತ್ತಿದ್ದೀರೋ? ಗುಳಿಗೆಗಳನ್ನು ದಿಂಬಿನ ಕೆಳಗೆ ಬಚ್ಚಿಡಬೇಡಿ, ನಿಮ್ಮ ಬುದ್ಧಿ ನನಗೆ ಗೊತ್ತು. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಫೋನಿನಲ್ಲಿ ಹೇಳಿದರೆ ನಡುವೆ ಬಾಯಿ ಹಾಕುತ್ತೀರಿ, ಅದಕ್ಕೇ ಈ ಕಾಗದ.

“ಗಾಡೀನ ಗುಜರಿಗೆ ಹಾಕಿಬಿಡು, ಓಡಿಸೋನೇ ಮಲಗಿದ ಮೇಲೆ ಅದ್ಯಾಕೆ ಮನೆ ಮುಂದೆ” ಅಂದಿರಲ್ಲ, ಆವತ್ತು ನಾನು “ಹೂಂ” ಅಂದೆ. ಹೂಂ ಅಂದದ್ದು ಕೇಳಿಸಿತು ಅಂತ, ಒಪ್ಪಿದೆ ಅಂತ ಅಲ್ಲ. ನೀವು ವ್ಯಾನಿನಿಂದ ನಾನು ಹೊಲಿದ ಪರದೆಗಳ ಗಂಟು ಇಳಿಸುತ್ತಿದ್ದಾಗ ಹಿಂದಿನಿಂದ ಲಾರಿ ಉಜ್ಜಿಕೊಂಡು ಬಂತಲ್ಲ, ಆ ಏಟಿನ ಅರ್ಧ ಪಾಲನ್ನು ತೆರೆದಿದ್ದ ಬಾಗಿಲೇ ತಿಂದಿತು, ಇಲ್ಲದಿದ್ದರೆ ಕಾಲೇ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ಅಂಥ ಗಾಡಿಯನ್ನು ತೂಕಕ್ಕೆ ಹಾಕಲು ನನಗೆ ಮನಸ್ಸು ಬರಲಿಲ್ಲ. ಅದೂ ಅಲ್ಲದೆ ನೀವು ಮನೆಗೆ ಬರುವಾಗ ಕಾಲು ಚಾಚಿ ಮಲಗಿಯೇ ಬರಬೇಕಂತೆ. ಯಾರದೋ ಕಾರಿನಲ್ಲಿ ನಿಮ್ಮನ್ನು ಮಡಚಿ ತುಂಬಲಿಕ್ಕಾಗುತ್ತದೆಯೇ? ಪಕ್ಕದ ಬಾಗಿಲು ಅಗಲಕ್ಕೆ ಜಾರುವ ನಮ್ಮ ವ್ಯಾನೇ ಆಗಬೇಕು. ಆದರೆ ಆ ಬಾಗಿಲು ಮುದ್ದೆಯಾಗಿತ್ತು. ತಗಡಿನ ಕೆಲಸದವನು ನೋಡಿ, “ಇದನ್ನ ಬಡಿದು ನೆಟ್ಟಗೆ ಮಾಡೋಕಾಗಲ್ಲ ಅಕ್ಕ. ಹೊಸದು ಈಗ ಬರೋದೇ ಇಲ್ಲ. ಇದೇ ಥರದ ಹಳೇ ಬಾಗಿಲು ಎಲ್ಲಾದ್ರೂ ಸಿಗುತ್ತಾ ನೋಡಿ” ಎಂದು ಕೈ ಒರೆಸಿಕೊಂಡ.

ಈಗ ನಗಬೇಡಿ. ಅಳತೆ ಬೇಕಲ್ಲ ಎಂದು ಬಾಗಿಲಿನ ಜಾಗಕ್ಕೆ ಖಾಕಿ ಕಾಗದ ಹಿಡಿದು, ಗುರುತು ಹಾಕಿ, ಅಂಗಿಗೆ ಕತ್ತರಿಸುವ ಹಾಗೆಯೇ ಕತ್ತರಿಸಿಕೊಂಡೆ. ಅದನ್ನು ಸುತ್ತಿಕೊಂಡು ನಿಮ್ಮ ತಮ್ಮನ ಜೊತೆ ಊರಾಚೆಯ ಗುಜರಿಗೆ ಹೋದೆ. ಮೊದಲ ಸಾಲಿನಲ್ಲೇ ಬಿಳಿ ಬಾಗಿಲೊಂದು ಕಾಗದಕ್ಕೆ ಸರಿಯಾಗಿ ಕೂತಿತು. ಕುಣಿದಾಡಿಕೊಂಡು ಹೊತ್ತು ತಂದು ನೋಡಿದರೆ ಅದು ಒಳಗೇ ಹೋಗದು! ಸುತ್ತಲೂ ಅರ್ಧ ಇಂಚು ದೊಡ್ಡದು. ಆಮೇಲೆ ಹೊಳೆಯಿತು ನನಗೆ. ಕೈಯ ರೂಢಿ ನೋಡಿ, ಹೊಲಿಗೆಗೆಂದು ಸುತ್ತಲೂ ಅರ್ಧ ಇಂಚು ಬಿಟ್ಟೇ ಕತ್ತರಿಸಿದ್ದೆ! ನಿಮ್ಮ ತಮ್ಮ ಅಲ್ಲೇ ನೆಲಕ್ಕೆ ಕೂತು ನಕ್ಕ. “ಅತ್ತಿಗೆ, ತಗಡಿಗೂ ಅಂಚು ಮಡಚ್ತೀರಾ?” ಅಂದ. ಸಿಟ್ಟು ಬಂದು ಎರಡು ದಿನ ಅವನಿಗೆ ಕಾಫಿ ಕೊಡಲಿಲ್ಲ.

ಕಾಗದದ ಅಂಚು ಕತ್ತರಿಸಿ, ಬಿಳಿ ಬಾಗಿಲು ವಾಪಸು ಹೊತ್ತುಕೊಂಡು ಮತ್ತೆ ಹೋದೆವು. ಗುಜರಿಯ ಒಡತಿ ಒಬ್ಬ ಮುದುಕಿ, ಕಿತ್ತಿಟ್ಟ ಕಾರಿನ ಸೀಟಿನ ಮೇಲೆ ಕಾಲು ಮಡಚಿ ಕೂತಿರುತ್ತಾಳೆ. “ಮತ್ತೆ ಬಂದ್ಯಾ ತಾಯಿ? ಹಿಂದಿನ ಶೆಡ್ಡು ನೋಡು, ವಯಸ್ಸಾದವೆಲ್ಲ ಅಲ್ಲಿವೆ” ಅಂದಳು. ರೀ, ಏನು ಹೇಳಲಿ! ಒಳಗೆ ಕಾಲಿಟ್ಟವಳು ನಿಂತೇಬಿಟ್ಟೆ. ಬರೀ ಬಾಗಿಲುಗಳು. ಕೆಂಪು, ಹಸಿರು, ಬಣ್ಣವೇ ಹೇಳಲಾಗದವು, ಮಾಡಿನವರೆಗೂ ಒಂದರ ಹಿಂದೊಂದು ನಿಂತಿದ್ದವು. ಕಿಂಡಿಯಿಂದ ಬಿದ್ದ ಬಿಸಿಲು ಒಂದು ಗಾಜು ದಾಟಿ ಇನ್ನೊಂದಕ್ಕೆ, ಅದನ್ನೂ ದಾಟಿ ಮತ್ತೊಂದಕ್ಕೆ ಹೋಗುತ್ತಿತ್ತು. ಒಂದರ ಗಾಜಿನ ಮೇಲೆ ಯಾವುದೋ ಮಗು ಅಂಟಿಸಿದ ಆನೆ ಇನ್ನೂ ಇತ್ತು. ಇಷ್ಟೊಂದು ಬಾಗಿಲನ್ನು ಎಳೆದು ಮುಚ್ಚಿ ಎಷ್ಟೊಂದು ಜನ ಮನೆ ಸೇರಿದ್ದಾರಲ್ಲ ಎಂದುಕೊಂಡೆ. ನಾನೂ ನಿಮ್ಮ ತಮ್ಮನೂ ಗುಡಿಯೊಳಗೆ ಬಂದವರ ಹಾಗೆ ಪಿಸುಗುಟ್ಟಿಕೊಂಡೇ ಹುಡುಕಿದೆವು.

ಕೊನೆಯ ಗೋಡೆಗೆ ಒರಗಿತ್ತು. ಹಳದಿ ಬಣ್ಣ, ಕೆಳಗೆ ಸ್ವಲ್ಪ ತುಕ್ಕು. ಕಾಗದ ಹಿಡಿದೆ. ನೂಲಿನಷ್ಟೂ ಹೆಚ್ಚುಕಮ್ಮಿ ಇಲ್ಲ! ಒಂದೇ ಮೈಗೆ ನಾನು ಹೊಲಿದ ಎರಡು ಅಂಗಿ ಒಂದೇ ಥರ ಬರುವುದಿಲ್ಲ. ಇದು ಎಲ್ಲೆಲ್ಲಿ ಓಡಿತೋ, ಯಾರನ್ನು ಹೊತ್ತಿತೋ, ಎಷ್ಟು ಮಳೆ ಬಿಸಿಲು ತಿಂದಿತೋ. ಆದರೂ ನಮ್ಮದರ ಜೊತೆ ಹುಟ್ಟಿದ್ದೆಂಬುದನ್ನು ಮರೆತಿರಲಿಲ್ಲ. ಮನೆಗೆ ತಂದು ವ್ಯಾನಿಗೆ ಕೂರಿಸಿ, ಹಿಡಿಕೆ ಹಿಡಿದು ಎಳೆದೆ. ಜಾರಿಕೊಂಡು ಬಂದು ಧಡ್ ಎಂದಿತು. ಅದೇ ಸದ್ದು ರೀ! ದಿನಾ ಸಂಜೆ ಯಾವ ಸದ್ದು ಕೇಳಿ ನೀವು ಬಂದಿರೆಂದು ನಾನು ಒಲೆ ಹೊತ್ತಿಸುತ್ತಿದ್ದೆನೋ, ಅದೇ. ಅಲ್ಲೇ ನಿಂತು ಅತ್ತುಬಿಟ್ಟೆ, ಸುಳ್ಳು ಯಾಕೆ ಹೇಳಲಿ.

ಬಣ್ಣ ಬದಲಿಸಿಲ್ಲ. ನೀಲಿ ವ್ಯಾನಿಗೆ ಹಳದಿ ಬಾಗಿಲು ನೋಡಿ ಬೀದಿಯವರು ನಗುತ್ತಾರೆ, ನಗಲಿ. ಡಾಕ್ಟರು ಹೇಳಿದಂತೆ ಕೇಳಿ. ಗೊರಕೆಯವರಿಗೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮ,
ಇಂಚುಟೇಪು

ಮರೆತಿದ್ದೆ: ಶನಿವಾರ ನಿಮ್ಮನ್ನು ಕಳಿಸುತ್ತಾರಂತೆ. ಹಿಂದಿನ ಸೀಟು ಬಿಚ್ಚಿಸಿ ಹಾಸಿಗೆ ಹಾಸಿದ್ದೇನೆ. ಕಿಟಕಿಯ ಹತ್ತಿರ ಇರಿ, ಧಡ್ ಎಂದು ಕೇಳಿದರೆ ನಾವೇ. ನಿಮ್ಮ ತಮ್ಮ ಪಕ್ಕದಲ್ಲಿ ಕೂರುತ್ತಾನೆ, ಅಷ್ಟೆ. ನನಗೆ ಕಳೆದ ವಾರ ಲೈಸೆನ್ಸ್ ಬಂತು. ಗಾಡಿ ಓಡಿಸುವವಳು ನಾನು. “ಬ್ರೇಕ್, ಬ್ರೇಕ್” ಎಂದು ಹಿಂದಿನಿಂದ ಕೂಗಬೇಡಿ.