ಆಯಿಯ ಕೋಣೆಯ ಫ್ಯಾನ್

ಪೂನಂ ಅಕ್ಕಾ,

ಬಸವಕಲ್ಯಾಣದ ಬಸ್ಸಿಗೆ ಹೊರಟೆ. ಬೇಳೆ ಬೆಂದಿದೆ, ಒಗ್ಗರಣೆ ಹಾಕಿಲ್ಲ. ಬಾಬಾನ ಮಧ್ಯಾಹ್ನದ ಗುಳಿಗೆಯನ್ನು ನೀನೇ ಕೈಗೆ ಕೊಡು.

ಆಯಿಯ ಕೋಣೆಯಲ್ಲಿ ಫ್ಯಾನ್ ತಿರುಗುತ್ತಿದ್ದರೆ ಆರಿಸಬೇಡ. ತಪ್ಪು ನನ್ನದೇ. ಮನೆಯ ಫ್ಯಾನು, ದೀಪ ನೋಡಿಕೊಳ್ಳುವ ಎಐಗೆ ನಾನು ಬರೆದುಕೊಟ್ಟ ವಿವರಣೆ ಅರೆಬರೆಯಾಗಿತ್ತು. 'ಮನೆಯಲ್ಲಿರುವವರ ಕೋಣೆಯ ಫ್ಯಾನ್ ಹಾಕು' ಎಂದಿದ್ದೆ. ಯಾರು ಇದ್ದಾರೆಂದು ತಿಳಿಯುವುದು ಹೇಗೆಂದು ಬರೆದಿರಲಿಲ್ಲ. ಅದು ಫೋನುಗಳನ್ನು ನೋಡಿ ಲೆಕ್ಕ ಹಾಕಿತು. ಆಯಿ ತೀರಿಕೊಂಡು ವರ್ಷವಾದರೂ ಬಾಬಾ ಹೆಂಡತಿಯ ಫೋನನ್ನು ದಿನವೂ ಚಾರ್ಜಿಗೆ ಹಾಕುತ್ತಾರಲ್ಲ.

ಹೋದ ವಾರ ತಿದ್ದಿದೆ: 'ಫೋನ್ ಇದ್ದರೆ ಸಾಲದು, ಕೋಣೆಯ ಮೈಕಿಗೆ ಆ ವ್ಯಕ್ತಿಯ ದನಿಯೂ ಕೇಳಿಸಬೇಕು.' ಫ್ಯಾನ್ ನಿಲ್ಲಲಿಲ್ಲ. ದಿನವೂ ಮಧ್ಯಾಹ್ನ ಮೂರಕ್ಕೆ ಎಐ ಆ ಕೋಣೆಯ ದಾಖಲೆಯಲ್ಲಿ ಒಂದೇ ಸಾಲು ಬರೆದಿಡುತ್ತದೆ: 'ಇಬ್ಬರು ಮಾತಾಡುತ್ತಿದ್ದಾರೆ.' ಬಾಬಾ ಆ ಫೋನಿನಲ್ಲಿ ಆಯಿಯ ಹಳೆಯ ವಾಯ್ಸ್ ಮೆಸೇಜ್ ಹಾಕಿ ಕೇಳುತ್ತಿರಬೇಕು ಅಂದುಕೊಂಡೆ. ವಿಚಾರಿಸಿದರೆ, "ನಿಮ್ಮ ಆಯಿಗಿ ಸೆಕಿ ತಡ್ಯಂಗಿಲ್ಲೋ, ತಿರಗಲಿ ಬಿಡು" ಅಂದರು. ಅವರಿಗೆ ತಲೆ ಕೆಟ್ಟಿದೆ ಎಂದು ಸೋದರತ್ತೆಯ ಮುಂದೆ ಬಾಯಿ ಬಿಡಬೇಡ, ದವಾಖಾನೆಗೆ ಎಳೆದೊಯ್ಯುತ್ತಾಳೆ.

ನಿನ್ನೆ ಬೆಳಿಗ್ಗೆ, ಬ್ಯಾಟರಿ ಉಬ್ಬಿದೆಯೆಂದು, ಆಯಿಯ ಫೋನನ್ನು ಬಸವಕಲ್ಯಾಣದ ಅಂಗಡಿಗೆ ಕೊಟ್ಟು ಬಂದೆ. ಅದನ್ನು ತರಲೆಂದೇ ಈಗ ಹೊರಟಿದ್ದೇನೆ. ನಿನ್ನೆ ಮಧ್ಯಾಹ್ನ ಹುಮನಾಬಾದಿನ ಈ ಮನೆಯಲ್ಲಿ ಬಾಬಾ ಒಬ್ಬರೇ ಇದ್ದರು. ಮೂರಕ್ಕೆ ಅದೇ ಸಾಲು ಬಂದಿದೆ.

ಇವತ್ತು ಮೂರಕ್ಕೆ ನೀನು ಆ ಕೋಣೆಯ ಮುಂದಿರು. ಬಾಗಿಲು ತಟ್ಟು, 'ಹೂಂ' ಅಂದ ಮೇಲೆ ಒಳಗೆ ಹೋಗು. ಹೂಂ ಅಂದವರು ಯಾರೆಂದು ನನಗೆ ತಿಳಿಸು.

ಸುಮೇಧ